ಸುಬ್ಬರಾಯಪ್ಪನ ಹಣೆಯ ಮೂರು ಗೆರೆ

ಹೊಂಗೆಗುಟ್ಟಹಳ್ಳಿಯ ಹಾಲಿನ ಡೇರಿಯಲ್ಲಿ ಇಪ್ಪತ್ತೈದು ವರ್ಷದಿಂದ ಒಂದೇ ಒಂದು ಕಾನೂನು ನಡೆದುಕೊಂಡು ಬಂದಿತ್ತು. ಅದನ್ನು ಯಾರೂ ಬರೆದಿರಲಿಲ್ಲ, ಯಾವ ಸಭೆಯೂ ಪಾಸು ಮಾಡಿರಲಿಲ್ಲ, ಅದಕ್ಕೆ ಮೂರು ಕಾಸಿನ ಖರ್ಚೂ ಇರಲಿಲ್ಲ. ಆ ಕಾನೂನು ಸೆಕ್ರೆಟರಿ ಸುಬ್ಬರಾಯಪ್ಪನ ಎರಡು ಹುಬ್ಬುಗಳ ನಡುವೆ ಮೂರು ಗೆರೆಗಳಾಗಿ ವಾಸವಾಗಿತ್ತು.

ನಡೆಯುತ್ತಿದ್ದದ್ದು ಹೀಗೆ. ಬೆಳಗ್ಗೆ ಆರಕ್ಕೆ ಕೆರೆಯ ಕಡೆಯಿಂದ ಮಂಜು ಎದ್ದು ಡೇರಿಯ ಬಾಗಿಲವರೆಗೂ ಬಂದು ನಿಲ್ಲುತ್ತಿತ್ತು. ಆ ಮಂಜಿನೊಳಗಿಂದ ಜನ ಒಬ್ಬೊಬ್ಬರಾಗಿ ಕ್ಯಾನು ಹಿಡಿದು ಬರುವರು. ಸುಬ್ಬರಾಯಪ್ಪ ಪ್ರತಿ ಕ್ಯಾನಿನಿಂದ ಒಂದು ಸೌಟು ಹಾಲೆತ್ತಿ, ಮತ್ತೆ ಅದಕ್ಕೇ ಸುರಿದು, ಇಳಿಯುವ ಧಾರೆಯನ್ನು ನೋಡುವನು. ಹಾಲು ಹಾಲಾಗಿದ್ದರೆ ಪುಸ್ತಕದಲ್ಲಿ ಬರೆದುಕೊಳ್ಳುವನು. ಹಾಲಿನ ಜೊತೆಗೆ ಬೋರ್‌ವೆಲ್ಲೂ ಬಂದಿದ್ದರೆ ಬಾಯಿ ಬಿಡುತ್ತಿರಲಿಲ್ಲ, ಹುಬ್ಬು ಗಂಟಿಕ್ಕುವನು, ಅಷ್ಟೇ. ತಂದವರು ಕೂಡಲೇ, "ಅಯ್ಯೋ, ಬೇರೆ ಕ್ಯಾನು ತಂದ್ಬಿಟ್ಟೆ ನೋಡು. ತೊಳೆದ ನೀರು ಹಂಗೇ ಇತ್ತು" ಎಂದು ಎತ್ತಿಕೊಂಡು ಹೋಗಿ, ಹತ್ತು ನಿಮಿಷದಲ್ಲಿ ಗಟ್ಟಿ ಹಾಲು ತರುವರು. ನಾಲ್ಕು ಜನರ ಮುಂದೆ "ನಿಮ್ಮ ಹಾಲಿಗೆ ನೀರು ಬಿದ್ದಿದೆ" ಎಂದು ಬಾಯಿಬಿಟ್ಟು ಹೇಳಿದರೆ ಆ ಮನೆಯ ಮಾನ ಹೋಗುತ್ತದೆ, ಮನೆಯ ಹೆಣ್ಣುಮಕ್ಕಳಿಗೆ ಗಂಡು ಸಿಗುವುದು ಕಷ್ಟವಾಗುತ್ತದೆ. ಗಂಟಿಕ್ಕಿದರೆ ಹಾಲೂ ಉಳಿಯುತ್ತದೆ, ಮಾನವೂ ಉಳಿಯುತ್ತದೆ. ಹಾಲು ಅಳೆಯಲು ಸರ್ಕಾರ ಕೊಟ್ಟಿದ್ದ ಗಾಜಿನ ಲ್ಯಾಕ್ಟೋಮೀಟರು ಬೀರುವಿನಲ್ಲಿ ಹತ್ತಿ ಹೊದ್ದು ಮಲಗಿತ್ತು.

ದಿನದ ಮೊದಲ ಕ್ಯಾನು ಒಂದನೇ ನಂಬರ್ ಮೆಂಬರಿನದು. ಆ ಮೆಂಬರು ಸುಬ್ಬರಾಯಪ್ಪನ ಹೆಂಡತಿ ಅಶ್ವತ್ಥಮ್ಮ. ದಿನದ ಮೊದಲ ಗಂಟೂ ಆಕೆಯ ಕ್ಯಾನಿಗೇ ಬೀಳುತ್ತಿತ್ತು. "ನನ್ನ ಮುಖ ಕಂಡ್ರೆ ಇವರಿಗೆ ಹಂಗೇ" ಎಂದು ಆಕೆ ನಗುತ್ತಾ ಬೇರೆ ಕ್ಯಾನು ತರಲು ಹೋಗುವಳು. ಊರಿಗೆ ಭಯವಿರಲಿ ಎಂದು ಗಂಡ ಹೆಂಡತಿ ಸೇರಿ ಆಡುವ ಆಟ ಇದು ಎಂದು ಜನ ತಿಳಿದಿದ್ದರು. ಮೆಚ್ಚಿಕೊಂಡೂ ಇದ್ದರು.

ಇಂಥ ಹಣೆಗೆ ಕಂಟಕ ಬಂದದ್ದು ಒಂದು ಫೋಟೋದಿಂದ. ಡೇರಿಗೆ ಇಪ್ಪತ್ತೈದು ತುಂಬಿದಾಗ ಅಧ್ಯಕ್ಷ ಶ್ರೀನಿವಾಸಪ್ಪ ಬೆಳ್ಳಿಹಬ್ಬ ಮಾಡಿ, ಸೆಕ್ರೆಟರಿಯ ದೊಡ್ಡ ಫೋಟೋವನ್ನು ಡೇರಿಯ ಗೋಡೆಗೆ ಹಾಕಿಸುವುದೆಂದು ತೀರ್ಮಾನಿಸಿದ. ಬದುಕಿರುವಾಗಲೇ ಗೋಡೆ ಏರುವ ಭಾಗ್ಯ ಆ ಊರಿನಲ್ಲಿ ಮಂತ್ರಿಗಳಿಗೆ ಬಿಟ್ಟರೆ ಇನ್ನಾರಿಗೂ ಸಿಕ್ಕಿರಲಿಲ್ಲ. ಸುಬ್ಬರಾಯಪ್ಪ ಎರಡು ದಿನ ನೆಲದ ಮೇಲೆ ನಡೆಯಲಿಲ್ಲ. ಮೂರನೆಯ ದಿನ ಮುಳಬಾಗಿಲಿನಿಂದ ಫೋಟೋಗ್ರಾಫರ್ ವೆಂಕಟ್ ಬಂದು ಅವನನ್ನು ನೆಲಕ್ಕಿಳಿಸಿದ.

"ಸಾರ್, ಸ್ವಲ್ಪ ಹಣೆ ಬಿಡಿ ಸಾರ್" ಎಂದ ವೆಂಕಟ್, ಹದಿನಾಲ್ಕನೆಯ ಫೋಟೋ ತೆಗೆಯುತ್ತಾ.

"ಬಿಟ್ಟೇ ಇದೀನಲ್ಲಪ್ಪ."

ವೆಂಕಟ್ ಕ್ಯಾಮೆರಾ ಕೆಳಗಿಳಿಸಿ ಒಂದು ಕ್ಷಣ ನೋಡಿದ. "ಇದು ಬಿಟ್ಟಿರೋದಾ? ಹಂಗಾದ್ರೆ ಹಿಡಿದಾಗ ಹೆಂಗಿರುತ್ತೆ ಸಾರ್?"

ಬಾಗಿಲಲ್ಲಿ ನಿಂತಿದ್ದ ಅಶ್ವತ್ಥಮ್ಮ ಅಂದಳು: "ನಮ್ಮ ಮದುವೆ ಫೋಟೋದಲ್ಲೂ ಹಿಂಗೇ ಕಣಪ್ಪ. ತಾಳಿ ಕಟ್ತಾ ಇದಾರೋ, ಹಾಲು ನೋಡ್ತಾ ಇದಾರೋ ಗೊತ್ತಾಗಲ್ಲ." ಆಮೇಲೆ ಗಂಡನ ಕಡೆ ತಿರುಗಿ ದನಿ ಮೆತ್ತಗೆ ಮಾಡಿಕೊಂಡಳು. "ನಮ್ಮ ತ್ರಿವೇಣಿ ಹತ್ರ ಒಂದ್ಸಲ ಹೋಗಿ ಬನ್ನಿ. ಗೆರೆ ತೆಗೀತಾಳಂತೆ. ನೋವೂ ಇಲ್ವಂತೆ."

ಗಂಡನ ಅಂದಚಂದದ ಬಗ್ಗೆ ಅಶ್ವತ್ಥಮ್ಮ ಇಷ್ಟು ಕಾಳಜಿ ತೋರಿಸಿದ್ದು ಅದೇ ಮೊದಲು. ಸುಬ್ಬರಾಯಪ್ಪನಿಗೆ ಅದು ಪ್ರೀತಿಯಂತೆ ಕಂಡಿತು. ಪ್ರೀತಿಯೂ ಇತ್ತೆನ್ನಿ, ಅದಕ್ಕೆ ಸ್ವಲ್ಪ ನೀರು ಬಿದ್ದಿತ್ತು.

ತ್ರಿವೇಣಿ ಅಶ್ವತ್ಥಮ್ಮನ ತಂಗಿಯ ಮಗಳು. ಅಪ್ಪ ಬೇಡವೆಂದರೂ ಕೇಳದೆ ಕೋಲಾರದ ಕ್ಲಾಕ್ ಟವರ್ ಹತ್ತಿರ ಬ್ಯೂಟಿ ಪಾರ್ಲರ್ ತೆರೆದಿದ್ದಳು. ಹುಬ್ಬು ತೀಡುವುದು, ಮದುಮಗಳಿಗೆ ಅಲಂಕಾರ ಮಾಡುವುದು ಅವಳ ನಿಜವಾದ ವಿದ್ಯೆ. ಅದರ ಮೇಲೆ ಈಚೆಗೆ ಸೂಜಿಯ ವಿದ್ಯೆಯೊಂದನ್ನು ಕಲಿತಿದ್ದಳು.

"ಆಪರೇಷನ್ನಾ?" ಎಂದು ಕೇಳಿದ ಸುಬ್ಬರಾಯಪ್ಪ, ತಿರುಗುವ ಕುರ್ಚಿಯಲ್ಲಿ ಒರಗಿಕೊಂಡು.

"ಅಯ್ಯೋ ಇಲ್ಲ ದೊಡ್ಡಪ್ಪ. ಸಣ್ಣ ಇಂಜೆಕ್ಷನ್ ಅಷ್ಟೇ. ಗಂಟಿಕ್ಕೋ ಜಾಗಕ್ಕೆ ಸ್ವಲ್ಪ ದಿನ ನಿದ್ದೆ ಮಾಡಿಸ್ತೀನಿ."

"ನೀನು ಡಾಕ್ಟ್ರಾ?"

"ಬೆಂಗಳೂರಲ್ಲಿ ಮೂರು ದಿನ ಕ್ಲಾಸಿಗೆ ಹೋಗಿದ್ದೆ. ಸರ್ಟಿಫಿಕೇಟಿದೆ."

"ಹಾಲು ಅಳೆಯೋದನ್ನೇ ನಂಗೆ ಆರು ತಿಂಗಳು ಹೇಳ್ಕೊಟ್ರು ಕಣಮ್ಮ" ಎಂದ ಸುಬ್ಬರಾಯಪ್ಪ. ಹಾಗೆಂದರೂ ಕಣ್ಣು ಮುಚ್ಚಿದ. ತ್ರಿವೇಣಿ ಫ್ರಿಜ್ಜಿನ ಬಾಗಿಲು ತೆರೆದು, ದೋಸೆ ಹಿಟ್ಟಿನ ಡಬ್ಬಿಗೂ ಮಲ್ಲಿಗೆ ಮೊಗ್ಗಿನ ಪೊಟ್ಟಣಕ್ಕೂ ನಡುವೆ ಇದ್ದ ಸಣ್ಣ ಸೀಸೆಯನ್ನು ಹೊರಗೆ ತೆಗೆದಳು. ಮಲ್ಲಿಗೆಯ ವಾಸನೆಯಲ್ಲೇ ಐದಾರು ಸಲ ಇರುವೆ ಕಚ್ಚಿದ ಹಾಗಾಯಿತು. ಕೆಲಸ ಮುಗಿದಿತ್ತು.

ಐದನೆಯ ದಿನಕ್ಕೆ ಹಣೆ ಮಲಗಿಬಿಟ್ಟಿತು. ಶಿವಾರಪಟ್ಟಣದ ಶಿಲ್ಪಿ ಆಗತಾನೇ ಉಜ್ಜಿ ಮುಗಿಸಿದ ವಿಗ್ರಹಕ್ಕೂ ಅಷ್ಟು ನುಣುಪು ಇರುವುದಿಲ್ಲ. ವೆಂಕಟ್ ಒಂದೇ ಕ್ಲಿಕ್ಕಿಗೆ ಫೋಟೋ ತೆಗೆದ. ಬೆಳ್ಳಿಹಬ್ಬ ನಡೆಯಿತು, ಶಾಲು ಹೊದಿಸಿದರು, ಗೋಡೆಯ ಮೇಲಿನ ಸುಬ್ಬರಾಯಪ್ಪ ಇಡೀ ಊರನ್ನು ಕ್ಷಮಿಸಿದವನಂತೆ ನೋಡುತ್ತಿದ್ದ. ಗೋಡೆಯ ಕೆಳಗಿನ ಸುಬ್ಬರಾಯಪ್ಪನೂ ಹಾಗೇ ನೋಡುತ್ತಿದ್ದ. ಕಷ್ಟ ಶುರುವಾದದ್ದು ಮರುದಿನ ಬೆಳಗ್ಗೆ.

ಮಂಜಿನೊಳಗಿಂದ ಅಶ್ವತ್ಥಮ್ಮ ಮೊದಲ ಕ್ಯಾನು ತಂದಳು. ಸುಬ್ಬರಾಯಪ್ಪ ಸೌಟೆತ್ತಿದ, ಸುರಿದ, ಧಾರೆ ನೋಡಿ ಹುಬ್ಬು ಗಂಟಿಕ್ಕಿದ. ಅವನ ಲೆಕ್ಕದಲ್ಲಿ ಗಂಟಿಕ್ಕಿದ್ದ. ಮುಖದ ಮೇಲೆ ಏನೂ ಆಗಲಿಲ್ಲ. ಅಶ್ವತ್ಥಮ್ಮ ಆ ಹಣೆಯನ್ನೇ ನೋಡುತ್ತಾ, ಕೆರೆಯ ದಡದಲ್ಲಿ ಕೂತವಳಂತೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಮೆಲ್ಲಗೆ, "ಬರ್ಕೊಳ್ಳಿ" ಎಂದಳು. ಸುಬ್ಬರಾಯಪ್ಪ ಬರೆದುಕೊಂಡ.

ಎರಡನೆಯವಳು ಅನಸೂಯಮ್ಮ. ಕಣ್ಣು ಚುರುಕಾದ ಹೆಂಗಸು. ಅವಳ ಹಾಲು ಅಂದು ಗಟ್ಟಿಯಾಗೇ ಇತ್ತು, ಆದರೆ ತನ್ನ ಮುಂದಿದ್ದ ಅಶ್ವತ್ಥಮ್ಮನ ಕ್ಯಾನಿನ ಧಾರೆಯನ್ನೂ ಸೆಕ್ರೆಟರಿಯ ಹಣೆಯನ್ನೂ ಅವಳು ಒಟ್ಟಿಗೆ ನೋಡಿದ್ದಳು. ಮರುದಿನ ಅವಳ ಕ್ಯಾನಿಗೂ ಎರಡು ಚೊಂಬು ಬಿತ್ತು. ಸುಬ್ಬರಾಯಪ್ಪ ಮೈಯಲ್ಲಿದ್ದ ಬಲವನ್ನೆಲ್ಲ ಹಣೆಗೆ ತಂದ. ಕಿವಿ ಕೆಂಪಾಯಿತು, ಹಣೆ ಮಲಗೇ ಇತ್ತು. "ಎಷ್ಟು ತಣ್ಣಗಾಗಿದಾರೆ ನಮ್ಮ ಸೆಕ್ರೆಟ್ರಿ" ಎಂದು ಅನಸೂಯಮ್ಮ ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಹೇಳಿದಳು.

ಒಂದು ವಾರದಲ್ಲಿ ಊರು ಕನಸಿಗೆ ಬಿದ್ದಂತಾಯಿತು. ಬೆಳಗಿನ ಮಂಜು, ಹಾಲಿನ ಆವಿ, ನಡುವೆ ಸುಬ್ಬರಾಯಪ್ಪನ ತಿಳಿಯಾದ ಮುಖ. ಯಾರೂ ಬಿರುಸಾಗಿ ಮಾತಾಡುತ್ತಿರಲಿಲ್ಲ, ಯಾರೂ ಕ್ಯಾನು ವಾಪಸು ಒಯ್ಯುತ್ತಿರಲಿಲ್ಲ. ಬದು ಜಗಳದಲ್ಲಿ ಹನ್ನೊಂದು ವರ್ಷ ಕೋರ್ಟಿಗೆ ಅಲೆದಿದ್ದ ಮುದುಕ ಕದಿರಪ್ಪ, ತನ್ನ ಗೋಳನ್ನು ಹೇಳಿಕೊಳ್ಳಲು ಡೇರಿಯ ಜಗಲಿಗೆ ಬಂದು ಕೂತ. "ಏಮಪ್ಪಾ, ನ್ಯಾಯಮಾ ಇದಿ?" ಎಂದು ತೆಲುಗಿನಲ್ಲಿ ಶುರುಮಾಡಿ, ಸುಬ್ಬರಾಯಪ್ಪನ ಮುಖ ನೋಡುತ್ತಾ ನೋಡುತ್ತಾ ಅಲ್ಲೇ ನಿದ್ದೆ ಹೋದ. ಎದ್ದವನು, "ಹನ್ನೊಂದು ವರ್ಷದಲ್ಲಿ ಹಿಂಗೆ ಮಲಗಿರಲಿಲ್ಲ" ಎಂದು ಕೈ ಮುಗಿದು ಹೋದ. ಅಂದಿನಿಂದ ಜಗಲಿಯ ಮೇಲೆ ದಿನಾ ಇಬ್ಬರು ಮೂವರು ಮಲಗಿರುತ್ತಿದ್ದರು.

ಅವರೆಲ್ಲರ ನಡುವೆ ಎಚ್ಚರವಾಗಿದ್ದವನು ಸುಬ್ಬರಾಯಪ್ಪ ಒಬ್ಬನೇ. ಒಳಗೆ ಅವನು ಕುದಿಯುತ್ತಿದ್ದ. ಬಾಯಿಬಿಟ್ಟು ಹೇಳೋಣವೆಂದರೆ ಇಪ್ಪತ್ತೈದು ವರ್ಷದ ಮರ್ಯಾದೆ ನಾಲಿಗೆಯನ್ನು ಹಿಡಿದುಕೊಂಡಿತ್ತು. ಮೇಲಾಗಿ, ಹೇಳುವುದಾದರೆ ಸಾಲಿನ ಮೊದಲಿನಿಂದ ಶುರುಮಾಡಬೇಕಿತ್ತು. ಸಾಲಿನ ಮೊದಲಲ್ಲಿ ನಿಲ್ಲುತ್ತಿದ್ದವಳೇ ಅವನಿಗೆ ಊಟಕ್ಕೆ ಬಡಿಸುವವಳು.

ಊರಿನ ಮರ್ಯಾದೆ ಚಿಲ್ಲಿಂಗ್ ಸೆಂಟರಿನವರಿಗೆ ಏನು ಗೊತ್ತು? ಅವರು ಲಾರಿಯಲ್ಲಿ ಹೋದ ಹಾಲನ್ನು ಅಳೆದು, ಡಿಗ್ರಿ ಸಾಲದೆಂದು ಹಾಗೇ ವಾಪಸು ಕಳಿಸಿದರು. ಹತ್ತು ದಿನ ಬಿಟ್ಟು ಎರಡನೆಯ ಸಲವೂ ಕಳಿಸಿದರು. ಅದರ ಜೊತೆಗೊಂದು ಚೀಟಿ ಇತ್ತು: ಬರುವ ಬುಧವಾರ ಮತ್ತೆ ಪರೀಕ್ಷೆ, ಅಂದೂ ನೀರಿದ್ದರೆ ಹಾಲಿನ ಲಾರಿ ಇನ್ನು ಹೊಂಗೆಗುಟ್ಟಹಳ್ಳಿಗೆ ಬರುವುದಿಲ್ಲ.

ಅಧ್ಯಕ್ಷ ಶ್ರೀನಿವಾಸಪ್ಪ ಚೀಟಿ ಹಿಡಿದು ಓಡಿ ಬಂದ. "ನೂರಿಪ್ಪತ್ತು ಮನೆ ಹಾಲು ಎಲ್ಲಿ ಸುರೀಬೇಕಯ್ಯ? ನಿನ್ನ ಕೆಲಸವೂ ಹೋಯ್ತು, ನನ್ನ ಮಾನವೂ ಹೋಯ್ತು" ಎಂದು ಕೂಗಾಡಿದ. ಸುಬ್ಬರಾಯಪ್ಪನಿಗೆ ಅಳು ಬರುವಂತಾಗಿತ್ತು. ಮುಖ ಮಾತ್ರ ಬೆಳದಿಂಗಳಿನಂತೆ ಇತ್ತು.

"ನಗ್ತಾ ಇದೀಯಾ?" ಎಂದ ಶ್ರೀನಿವಾಸಪ್ಪ.

"ಇಲ್ಲ ಶ್ರೀನಿವಾಸಪ್ಪ. ನಂಗೆ ತುಂಬಾ ಸಂಕಟ ಆಗ್ತಾ ಇದೆ."

"ಇದು ಸಂಕಟದ ಮುಖಾನಾ? ಗೋಡೆ ಮೇಲಿರೋ ನಿನ್ನ ಫೋಟೋನೇ ನಿನಗಿಂತ ವಾಸಿ, ಸ್ವಲ್ಪ ಧೂಳಾದ್ರೂ ಹಿಡಿದಿದೆ" ಎಂದು ಅವನು ಚೀಟಿಯನ್ನು ಮೇಜಿಗೆ ಬಡಿದು ಹೋದ.

ಮಂಗಳವಾರ ಸುಬ್ಬರಾಯಪ್ಪ ಕೋಲಾರದ ಬಸ್ಸು ಹತ್ತಿದ, ಮಲಗಿರುವ ಹಣೆಯನ್ನು ಎಬ್ಬಿಸಿಕೊಡು ಎಂದು ತ್ರಿವೇಣಿಯನ್ನು ಕೇಳಲು. ಪಾರ್ಲರಿನಲ್ಲಿ ಅವಳು ಅವನಿಗಿಂತ ಹೆಚ್ಚು ಗಾಬರಿಯಲ್ಲಿದ್ದಳು. ಆಪರೇಷನ್ ಇಲ್ಲದೆ ಮುಖ ತಿದ್ದುವ ಅಂಗಡಿಗಳಿಗೆಲ್ಲ ಸರ್ಕಾರದವರು ಹೊಸ ನಿಯಮ ತರುತ್ತಾರಂತೆ, ಅಂದೇ ಊರಿನ ಒಂದು ಸಭಾಭವನದಲ್ಲಿ ಜನರ ಅಹವಾಲು ಕೇಳುತ್ತಾರಂತೆ.

"ನಿದ್ದೆ ತಾನಾಗೇ ಬಿಡಬೇಕು ದೊಡ್ಡಪ್ಪ, ಮೂರು ನಾಲ್ಕು ತಿಂಗಳು ಹಿಡಿಯುತ್ತೆ. ಈಗ ಬನ್ನಿ, ನನ್ನ ಕಡೆಯಿಂದ ಒಂದು ಮಾತು ಹೇಳಿ. ಅಂಗಡಿ ಮುಚ್ಚಿಸಿದ್ರೆ ಅಪ್ಪ 'ಹೇಳಿರ್ಲಿಲ್ವಾ' ಅಂತಾರೆ" ಎಂದು ಅವನನ್ನು ಕೈ ಹಿಡಿದು ಕರೆದುಕೊಂಡು ಹೋದಳು.

ಸಭೆ ನಡೆಸುತ್ತಿದ್ದ ಅಧಿಕಾರಿಯ ಹೆಸರು ಚಂದ್ರಮೋಹನ್. ಮಾಲೂರಿನ ಕಡೆಯವನು, ಸಣಕಲು ಮನುಷ್ಯ. ಅವನ ಮುಂದೆ ಎರಡು ಅಂಕಣಗಳ ಒಂದು ದೊಡ್ಡ ಹಾಳೆ ಇತ್ತು. ಎಡಗಡೆ 'ನಿಯಮ ತಂದರೆ ಆಗುವ ಖರ್ಚು'. ಬಲಗಡೆ 'ನಿಯಮ ತರದಿದ್ದರೆ ಆಗುವ ನಷ್ಟ'. ಎಡಗಡೆಯದು ತುಂಬಿ ತುಳುಕುತ್ತಿತ್ತು. ಪಾರ್ಲರಿಗೊಬ್ಬ ಡಾಕ್ಟರು, ಔಷಧಿಗೇ ಬೇರೆ ಫ್ರಿಜ್ಜು, ರಿಜಿಸ್ಟರು, ಬೋರ್ಡು, ಪರವಾನಗಿ, ತಪಾಸಣೆಗೆ ಅಧಿಕಾರಿ, ಅಧಿಕಾರಿಗೆ ಜೀಪು, ಜೀಪಿಗೆ ಡೀಸೆಲ್ಲು, ಮಳೆ ಬಂದರೆ ಜೀಪು ನಿಲ್ಲಲು ಶೆಡ್ಡು. ಬಲಗಡೆ ಖಾಲಿ. ಮುಖ ಕೆಟ್ಟವರು ಯಾರು ತಾನೇ ಸಭೆಗೆ ಬಂದು ಮುಖ ತೋರಿಸುತ್ತಾರೆ?

"ತೊಂದರೆ ಆದವರು ಒಬ್ಬರೂ ಇಲ್ವೇ?" ಎಂದು ಚಂದ್ರಮೋಹನ್ ನಾಲ್ಕನೆಯ ಸಲ ಕೇಳಿದ. "ಒಬ್ಬರು ಸಿಕ್ಕಿದ್ರೂ ಸಾಕು. ಇಲ್ಲಾಂದ್ರೆ ಬರೀ ಖರ್ಚು ಅಂತ ಮೇಲಿನವರು ಫೈಲು ಮುಚ್ತಾರೆ."

ಸುಬ್ಬರಾಯಪ್ಪ ಎದ್ದು ನಿಂತ. ತ್ರಿವೇಣಿಯ ಮುಖ ನೋಡಿದ, ನಾಳೆಯ ಬುಧವಾರವನ್ನು ನೆನೆದ. "ನಂಗೆ ತೊಂದ್ರೆ ಆಗಿದೆ ಸ್ವಾಮಿ" ಎಂದ. "ನಮ್ಮೂರಿಗೇ ಆಗಿದೆ. ಒಳಗೆ ಬೆಂದು ಹೋಗ್ತಾ ಇದೀನಿ."

ಚಂದ್ರಮೋಹನ್ ಅವನ ಮುಖವನ್ನು ದಿಟ್ಟಿಸಿದ. ಬೆಳಗಿನಿಂದ ಬಿಗಿದುಕೊಂಡಿದ್ದ ಅವನ ಭುಜಗಳು ತಾವಾಗೇ ಇಳಿದವು. "ತೊಂದರೇನ ಎಷ್ಟು ನೆಮ್ಮದಿಯಾಗಿ ಹೇಳ್ತೀರಿ" ಎಂದು, 'ಗ್ರಾಹಕರು ತೃಪ್ತರು' ಎಂದು ಬರೆದುಕೊಳ್ಳತೊಡಗಿದ. ಸೇರಿದ್ದ ಪಾರ್ಲರಿನವರೆಲ್ಲ ಚಪ್ಪಾಳೆ ತಟ್ಟಿದರು. ಇಂಥ ಮುಖ ಸಿಗುವುದಾದರೆ ನಮಗೂ ಬೇಕು ಎಂದು ಹಿಂದಿನ ಸಾಲಿನಿಂದ ಯಾರೋ ತ್ರಿವೇಣಿಯ ಫೋನ್ ನಂಬರ್ ಕೇಳಿದರು.

ತ್ರಿವೇಣಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ದೊಡ್ಡಪ್ಪನನ್ನು ಅವಳು ಮಗುವಾಗಿದ್ದಾಗಿನಿಂದ ಬಲ್ಲಳು. ಅವಳು ನಿಧಾನವಾಗಿ ಎದ್ದು, "ಬರೀಬೇಡಿ ಸಾರ್" ಎಂದಳು. "ಅವರು ನಿಜಾನೇ ಹೇಳ್ತಾ ಇದಾರೆ. ಕಿವಿ ನೋಡಿ, ಹೆಂಗೆ ಕೆಂಪಾಗಿದೆ. ಸೂಜಿ ಹಾಕಿದವಳು ನಾನೇ. ಆಮೇಲೆ ಏನಾಗುತ್ತೆ ಅಂತ ಮೂರು ದಿನದ ಕ್ಲಾಸಲ್ಲಿ ಹೇಳ್ಕೊಟ್ಟಿರಲಿಲ್ಲ." ಹೇಳಿ ಮುಗಿಸುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು. ಇಡೀ ಸಭೆಯಲ್ಲಿ ಧೈರ್ಯವಿದ್ದ ಮಾತು ಅದೊಂದೇ, ಅದನ್ನು ಆಡಿದವಳಿಗೇ ಅದರಿಂದ ನಷ್ಟ.

ಚಂದ್ರಮೋಹನ್ ಪೆನ್ನು ಕೆಳಗಿಟ್ಟು ಯೋಚಿಸಿದ. ಮುಖ ಒಂದು ಹೇಳುತ್ತದೆ, ಕಿವಿ ಇನ್ನೊಂದು ಹೇಳುತ್ತದೆ. ಇಂಥಲ್ಲಿ ಸ್ಥಳ ಪರಿಶೀಲನೆಯೇ ದಾರಿ ಎಂದು ನಿರ್ಧರಿಸಿ, "ಬೆಳಗ್ಗೆ ನಿಮ್ಮೂರಿಗೆ ಬರ್ತೀನಿ" ಎಂದ.

ಬುಧವಾರ ಮಂಜು ದಟ್ಟವಾಗಿತ್ತು. ರಾಗಿ ಹೊಲ, ಹಿಪ್ಪುನೇರಳೆ ತೋಟ ಎಲ್ಲವನ್ನೂ ನುಂಗಿ ಡೇರಿಯೊಂದನ್ನು ಮಾತ್ರ ಬಿಟ್ಟಿತ್ತು. ಚಂದ್ರಮೋಹನ್ ಹಾಳೆ ಹಿಡಿದು ಬೀರುವಿನ ಪಕ್ಕ ಕೂತ. ಸೆಂಟರಿನ ಲಾರಿ ಹೊರಗೆ ಗುರುಗುಡುತ್ತಾ ನಿಂತಿತ್ತು. ಶ್ರೀನಿವಾಸಪ್ಪ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ಜಗಲಿಯ ಮೇಲೆ ಕದಿರಪ್ಪ ಎಂದಿನಂತೆ ಮಲಗಿದ್ದ.

ಅಶ್ವತ್ಥಮ್ಮ ಮೊದಲ ಕ್ಯಾನು ಇಟ್ಟಳು. ಅವಳ ಹಿಂದೆ ಅನಸೂಯಮ್ಮ, ಅವಳ ಹಿಂದೆ ಮಂಜಿನೊಳಗೆ ಕಾಣದಷ್ಟು ಉದ್ದದ ಸಾಲು. ಸುಬ್ಬರಾಯಪ್ಪ ಸೌಟೆತ್ತಿ ಸುರಿದ. ಧಾರೆ ಆಚೆಗಿನ ಗೋಡೆ ಕಾಣುವಷ್ಟು ತೆಳ್ಳಗಿತ್ತು. ಅಭ್ಯಾಸ ಬಲದಿಂದ ಗಂಟಿಕ್ಕಲು ನೋಡಿದ. ಆಗಲಿಲ್ಲ. ಬೀರುವಿನಿಂದ ಲ್ಯಾಕ್ಟೋಮೀಟರು ತೆಗೆದ, ಮೈಮೇಲಿನ ಹತ್ತಿ ಬಿಡಿಸಿದ, ಹಾಲಿನಲ್ಲಿ ಬಿಟ್ಟ. ಅದು ಸರ್ರನೆ ಕೆಳಗಿಳಿದು ನಿಂತಿತು. ಸುಬ್ಬರಾಯಪ್ಪ ಉಸಿರೆಳೆದುಕೊಂಡು, ಇಪ್ಪತ್ತೈದು ವರ್ಷದಲ್ಲಿ ಆ ಡೇರಿ ಕೇಳದಿದ್ದ ಮಾತನ್ನು ಗಟ್ಟಿಯಾಗಿ ಹೇಳಿದ.

"ಒಂದನೇ ನಂಬರ್ ಮೆಂಬರು ಅಶ್ವತ್ಥಮ್ಮ. ಹಾಲಿಗೆ ನೀರು ಬಿದ್ದಿದೆ. ತಗೊಳ್ಳಲ್ಲ."

ಕದಿರಪ್ಪ ಎದ್ದು ಕೂತ. ಅಶ್ವತ್ಥಮ್ಮ ಗಂಡನ ಹಣೆ ನೋಡಿದಳು. ಅಲ್ಲಿ ಕೋಪವಿಲ್ಲ, ಗಂಟಿಲ್ಲ, ಮುಂಜಾನೆಯ ಕೆರೆಯಂತೆ ಶಾಂತ. ಬೈಗುಳವಾಗಿದ್ದರೆ ಜಗಳಕ್ಕೆ ನಿಲ್ಲಬಹುದಿತ್ತು. ಇಷ್ಟು ಪ್ರಸನ್ನವಾಗಿ ಮಾನ ಕಳೆದವನ ಹತ್ತಿರ ಏನೆಂದು ಜಗಳವಾಡುವುದು? ಆಕೆ ಕ್ಯಾನು ಎತ್ತಿಕೊಂಡು ಮಂಜಿನೊಳಗೆ ನಡೆದಳು. ಬೇರೆ ಕ್ಯಾನಿನ ಮಾತನ್ನೂ ಆಡಲಿಲ್ಲ.

ಹೆಂಡತಿಯನ್ನೇ ಬಿಡದವನು ಇನ್ನಾರನ್ನು ಬಿಟ್ಟಾನು? ಸುಬ್ಬರಾಯಪ್ಪ ಅನಸೂಯಮ್ಮನ ಕ್ಯಾನಿನ ಕಡೆ ಲ್ಯಾಕ್ಟೋಮೀಟರು ಎತ್ತಿದ. "ಅಯ್ಯೋ, ಒಲೆ ಮೇಲೆ ಅನ್ನಕ್ಕಿಟ್ಟು ಬಂದಿದೀನಿ" ಎಂದು ಆಕೆ ಹಿಂದೆ ತಿರುಗಿದಳು. ಆ ಬೆಳಗ್ಗೆ ಹೊಂಗೆಗುಟ್ಟಹಳ್ಳಿಯಲ್ಲಿ ಎಷ್ಟು ಜನ ಒಲೆ ಮೇಲೆ ಅನ್ನಕ್ಕಿಟ್ಟು ಬಂದಿದ್ದರೆಂದರೆ, ಎರಡು ನಿಮಿಷದಲ್ಲಿ ಸಾಲು ಕರಗಿ ಮಂಜೊಂದೇ ಉಳಿಯಿತು. ಅರ್ಧ ಗಂಟೆಯಲ್ಲಿ ಎಲ್ಲರೂ ಮತ್ತೆ ಬಂದರು. ಹಾಲು ಕಮ್ಮಿಯಾಗಿತ್ತು, ಗಟ್ಟಿಯಾಗಿತ್ತು. ಲಾರಿಯ ಜೊತೆ ಬಂದವನು ಅಲ್ಲೇ ಅಳೆದು ನೋಡಿ ತಲೆಯಾಡಿಸಿ ಕ್ಯಾನುಗಳನ್ನು ಹತ್ತಿಸಿಕೊಂಡ. ಶ್ರೀನಿವಾಸಪ್ಪ ಒಳಗೆ ಹೋಗಿ, ಗೋಡೆಯ ಮೇಲಿನ ಫೋಟೋದ ಧೂಳನ್ನು ತನ್ನ ಟವಲಿನಿಂದಲೇ ಒರೆಸಿದ. ವಾಪಸು ಬರಬೇಕಾದವರಲ್ಲಿ ಒಂದನೇ ನಂಬರ್ ಒಬ್ಬರೇ ಬಂದಿರಲಿಲ್ಲ.

ಚಂದ್ರಮೋಹನ್ ಬಲಗಡೆಯ ಅಂಕಣದಲ್ಲಿ ಮೊದಲ ಸಲ ನಾಲ್ಕು ಸಾಲು ಬರೆದ. ಆಮೇಲೆ ಪ್ರಾಮಾಣಿಕ ಮನುಷ್ಯನಾದ್ದರಿಂದ ಎಡಗಡೆಗೂ ಪೆನ್ನು ಒಯ್ದ. "ಸುಬ್ಬರಾಯಪ್ಪನವರೇ, ಮುಖದಲ್ಲಿ ತೋರಿಸ್ತಿದ್ದದ್ದನ್ನ ಬಾಯಲ್ಲಿ ಹೇಳಿದ್ರಿ. ಇದೂ ಒಂದು ಹೊಸ ಕಾನೂನೇ ಅಲ್ವೇ. ಇದಕ್ಕೆ ಖರ್ಚೆಷ್ಟು ಅಂತ ಬರ್ಕೊಳ್ಳಲಿ?"

"ಮಧ್ಯಾಹ್ನ ಊಟಕ್ಕೆ ಬನ್ನಿ ಸ್ವಾಮಿ, ಗೊತ್ತಾಗುತ್ತೆ" ಎಂದ ಸುಬ್ಬರಾಯಪ್ಪ.

ಊಟಕ್ಕೆ ಕೋಲಾರದಿಂದ ತ್ರಿವೇಣಿಯೂ ಬಂದಿದ್ದಳು. ಪಾರ್ಲರಿನ ಬೋರ್ಡಿನಲ್ಲಿದ್ದ ಸೂಜಿಯ ಸಾಲಿಗೆ ಬಣ್ಣ ಬಳಿದಿದ್ದೇನೆ, ಡಾಕ್ಟರೊಬ್ಬರು ಸಿಗುವವರೆಗೂ ಹುಬ್ಬು ತೀಡುವುದಷ್ಟೇ ಎಂದಳು. ಅಶ್ವತ್ಥಮ್ಮ ತಟ್ಟೆಗಳಿಗೆ ಮುದ್ದೆ ಇಟ್ಟಳು, ಸಾರು ಬಿಟ್ಟಳು. ಸಾರು ಮುದ್ದೆಯ ಬುಡದಲ್ಲಿ ನಿಲ್ಲದೆ ತಟ್ಟೆಯ ಅಂಚಿಗೆ ಓಡಿತು. ಒಂದೇ ಒಂದು ಅವರೆಕಾಳು ಅದರಲ್ಲಿ ಈಜಾಡುತ್ತಿತ್ತು.

ಸುಬ್ಬರಾಯಪ್ಪ ಮುದ್ದೆ ಮುರಿದು ಆ ನೀರಿಗೆ ಅದ್ದಿ ನುಂಗಿದ. ಅಶ್ವತ್ಥಮ್ಮ ಅವನ ಹಣೆಯನ್ನೇ ಕಾಯುತ್ತಿದ್ದಳು. ಗೆರೆ ಏಳಲಿಲ್ಲ. "ಚೆನ್ನಾಗಿದೆ ಕಣೇ" ಎಂದ ಸುಬ್ಬರಾಯಪ್ಪ. ಮುಖ ನೋಡಿದರೆ ನಿಜವೇ ಎನಿಸುತ್ತಿತ್ತು, ಕಿವಿ ಮಾತ್ರ ಕೆಂಪಾಗಿತ್ತು.

ಚಂದ್ರಮೋಹನ್ ಒಂದು ತುತ್ತು ಬಾಯಿಗಿಟ್ಟ. ಅವನದು ಯಾರೂ ಸೂಜಿ ಚುಚ್ಚದ, ಪೂರ್ತಿ ಎಚ್ಚರವಾಗಿದ್ದ ಹಣೆ. ಎರಡು ಹುಬ್ಬುಗಳು ಹತ್ತಿರ ಬಂದವು, ನಡುವೆ ಮೂರು ಗೆರೆ ಎದ್ದವು.

ಅಶ್ವತ್ಥಮ್ಮ ಆ ಗೆರೆಗಳನ್ನು ನೋಡಿದಳು. ಬೆಳಗಿನಿಂದ ಬಿಗಿದಿದ್ದ ಅವಳ ಬಾಯಿ ಸಡಿಲವಾಯಿತು. ಸೆರಗು ಸರಿಮಾಡಿಕೊಂಡು, "ಅಯ್ಯೋ, ಬೇರೆ ಪಾತ್ರೆ ತಂದ್ಬಿಟ್ಟೆ ನೋಡಿ. ತೊಳೆದ ನೀರು ಹಂಗೇ ಇತ್ತು" ಎಂದು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಹತ್ತು ನಿಮಿಷದಲ್ಲಿ ಗಟ್ಟಿ ಸಾರು ಬಂತು. ಸುಬ್ಬರಾಯಪ್ಪ ಎರಡನೆಯ ಮುದ್ದೆಗೆ ತಟ್ಟೆಯನ್ನು ಮುಂದಕ್ಕೆ ತಳ್ಳಿದ.